ಬೀರು ಬಾಗಿಲ ಒಳಗಿನ ಪಟ್ಟಿ

ಬೆಳಿಗ್ಗೆ 6.40ರಿಂದ 7.15ರವರೆಗೆ ನಾನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಫೋನು ಬರುವುದಿದ್ದರೆ ಆ ಮೂವತ್ತೈದು ನಿಮಿಷದೊಳಗೇ ಬರಬೇಕು. ಸ್ನಾನ ಮುಗಿಸಿ, ಇಸ್ತ್ರಿ ಬಟ್ಟೆ ಉಟ್ಟು, ಚೀಲವನ್ನು ಬಾಗಿಲ ಪಕ್ಕ ಇಟ್ಟು ಕೂತಿರುತ್ತಿದ್ದೆ. ಬಂದರೆ ಕೆಲಸ. 7.15 ದಾಟಿತೆಂದರೆ ಎದ್ದು ಬಟ್ಟೆ ಬದಲಿಸಿ, ಉಟ್ಟದ್ದನ್ನು ಮಡಿಕೆ ಕೆಡದಂತೆ ಮಡಚಿ ನಾಳೆಗೆ ಎತ್ತಿಡುತ್ತಿದ್ದೆ. ಒಂದೇ ಜೊತೆ ಬಟ್ಟೆಯನ್ನು ಹೀಗೆ ವಾರವಿಡೀ ಉಟ್ಟು, ಬಿಚ್ಚಿ, ಎತ್ತಿಟ್ಟದ್ದೂ ಇದೆ. ಅದು ಮೊದಲ ವರ್ಷದ ಮಾತು.

ಬಿ.ಎಡ್. ಮುಗಿದಿತ್ತು, ಕಾಯಂ ಹುದ್ದೆ ಸಿಕ್ಕಿರಲಿಲ್ಲ. ಮನೆಯಲ್ಲಿ ಕೂರುವುದಕ್ಕಿಂತ ಬದಲಿ ಶಿಕ್ಷಕಿಯಾಗಿ ಹೋಗೋಣ, ರಜೆ ಹಾಕಿದವರ ಜಾಗದಲ್ಲಿ ನಿಂತು ಪಾಠ ಮಾಡೋಣ ಅಂದುಕೊಂಡೆ. ಟೀಚರ್‌ಗಳು ರಜೆ ಹಾಕುವುದು ನಿಲ್ಲುವುದಿಲ್ಲ, ಹಾಗಾಗಿ ಕೆಲಸಕ್ಕೇನು ಬರ ಎಂಬುದು ನನ್ನ ಲೆಕ್ಕ. ಹನ್ನೊಂದು ಶಾಲೆಗಳಿಗೆ ಅರ್ಜಿ ಕೊಟ್ಟೆ. ಎಲ್ಲ ಕಡೆ ಒಂದೇ ಉತ್ತರ: "ಇಟ್ಟಿರ್ತೀವಿ, ಬೇಕಾದಾಗ ಫೋನ್ ಮಾಡ್ತೀವಿ." ಎರಡು ತಿಂಗಳು ಯಾರಿಗೂ ಬೇಕಾಗಲಿಲ್ಲ. ಅರ್ಜಿಯಲ್ಲೇ ಏನೋ ಕೊರತೆಯಿದೆ ಅನ್ನಿಸಿ ಅದನ್ನು ಮತ್ತೆ ಬರೆದೆ, ಅಂಕಪಟ್ಟಿಯ ಜೆರಾಕ್ಸ್ ಸೇರಿಸಿದೆ, ಫೋಟೋ ಬದಲಿಸಿದೆ. ಏನೂ ಆಗಲಿಲ್ಲ.

ಒಂದು ಶಾಲೆಗೆ ಮೂರನೇ ಸಲ ಹೋದಾಗ ಗುಟ್ಟು ಗೊತ್ತಾಯಿತು. ಕ್ಲರ್ಕ್ ಯಾವುದೋ ರಿಜಿಸ್ಟರ್ ತೆಗೆಯಲು ಕಬ್ಬಿಣದ ಬೀರು ತೆರೆದರು. ಬಾಗಿಲ ಒಳಮೈಗೆ ಗೆರೆ ಹಾಳೆಯೊಂದನ್ನು ಅಂಟಿಸಿದ್ದರು. ಮೂರು ಬಣ್ಣದ ಶಾಯಿಯಲ್ಲಿ ಹೆಸರು, ಫೋನ್ ನಂಬರು. ಕೆಲವಕ್ಕೆ ಕೆಂಪು ಗೆರೆ ಎಳೆದಿತ್ತು. ನನ್ನ ಹೆಸರು ಎಂಟನೆಯದು, ಅದೂ ಒಂದಕ್ಷರ ತಪ್ಪಾಗಿ.

"ಇದೇನಾ ಸರ್ ಪಟ್ಟಿ?"

"ಇನ್ನೇನು ಮೇಡಂ? ಅರ್ಜಿ ಎಲ್ಲಾ ಫೈಲಲ್ಲಿರುತ್ತೆ. ಬೆಳಿಗ್ಗೆ ಆರೂವರೆಗೆ ಫೈಲ್ ತೆಗೆದು ಓದ್ತಾ ಕೂರೋಕಾಗುತ್ತಾ?"

ಅಂದರೆ ನನ್ನನ್ನು ಕರೆಯುವವರು ಹೆಡ್ಮೇಡಂ ಅಲ್ಲ, ಅವರು ಬರೀ ಸಹಿ ಹಾಕುವವರು. ಕರೆಯುವವರು ಇವರು, ಕರೆಯುವುದು ಈ ಹಾಳೆಯನ್ನು ನೋಡಿ, ಅದೂ ಮೇಲಿಂದ ಕೆಳಕ್ಕೆ. ಆ ಹೊತ್ತು ಅವರಿಗೆ ಬಿಡುವಿತ್ತು, ಕೂತು ಎಲ್ಲ ಹೇಳಿದರು. ಒಬ್ಬರು ರಜೆ ಹಾಕಿದರೆ ಹೊರಗಿನವರನ್ನು ಕರೆಯುವುದೇ ಇಲ್ಲ. ಉಳಿದವರ ಫ್ರೀ ಪೀರಿಯಡ್‌ಗಳನ್ನು ಕಿತ್ತು ಆ ಕ್ಲಾಸುಗಳಿಗೆ ಹಂಚುತ್ತಾರೆ. ಇಬ್ಬರು, ಮೂವರು ಒಟ್ಟಿಗೆ ಇಲ್ಲದಾಗ, ಇಲ್ಲವೇ ಒಬ್ಬರೇ ನಾಲ್ಕು ದಿನ ಬರುವುದಿಲ್ಲ ಎಂದಾಗ ಮಾತ್ರ ಬೀರು ಬಾಗಿಲು ತೆರೆಯುತ್ತದೆ. ಮೊದಲ ಹೆಸರಿಗೆ ಫೋನು. ಎತ್ತದಿದ್ದರೆ ಎರಡನೆಯದು. "ನೋಡಿ ಹೇಳ್ತೀನಿ" ಅಂದವರಿಗೆ ಕಾಯುವುದಿಲ್ಲ, ಮೂರನೆಯದು. ಬರ್ತೀನಿ ಅಂದು ಬಾರದವರಿಗೆ ಕೆಂಪು ಗೆರೆ.

"ನಾನು ಮೇಲೆ ಬರೋದು ಹೇಗೆ ಸರ್?"

"ಅದು ನನ್ನ ಕೈಲಿಲ್ಲ. ಟೀಚರ್‌ಗಳೇ ಬಂದು, ಇವರನ್ನ ಕರೀರಿ ಅನ್ನಬೇಕು." ಆಮೇಲೆ ಪೆನ್ನು ತೆಗೆದು ನನ್ನ ಹೆಸರಿನ ತಪ್ಪಕ್ಷರ ತಿದ್ದಿದರು. ಎರಡು ತಿಂಗಳ ಅಲೆದಾಟಕ್ಕೆ ಸಿಕ್ಕ ಮೊದಲ ಫಲ ಅದು.

ಉಳಿದ ಹತ್ತು ಶಾಲೆಗಳಿಗೂ ಇನ್ನೊಂದು ಸುತ್ತು ಹೋದೆ. ಈ ಸಲ ಅರ್ಜಿ ಒಯ್ಯಲಿಲ್ಲ. ಆಫೀಸಿನಲ್ಲಿ ಬೆಳಿಗ್ಗೆ ಫೋನು ಮಾಡುವವರು ಯಾರೆಂದು ಕೇಳಿ, ಅವರಿಗೆ ನಮಸ್ಕಾರ ಹೇಳಿ, ಒಂದು ಚೀಟಿ ಕೊಟ್ಟೆ: ಹೆಸರು, ನಂಬರು, ಗಣಿತ ಮತ್ತು ವಿಜ್ಞಾನ, ಐದರಿಂದ ಹತ್ತನೇ ಕ್ಲಾಸು, ಫೋನು ಬಂದ ಒಂದು ಗಂಟೆಯಲ್ಲಿ ಶಾಲೆಯಲ್ಲಿರುತ್ತೇನೆ. ಕೊನೆಯ ಸಾಲೇ ಕೆಲಸ ಮಾಡಿತು ಎಂದು ಈಗಲೂ ನಂಬಿದ್ದೇನೆ. ಮೂರು ವಾರದೊಳಗೆ ಮೊದಲ ಫೋನು ಬಂತು.

ಎಂಟನೇ ಕ್ಲಾಸು, ಬಿ ಸೆಕ್ಷನ್, ಎರಡನೇ ಪೀರಿಯಡ್. ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಕ್ಲಾಸಿಗೆ ಹಬ್ಬ. ಹಾಜರಿ ಕರೆದರೆ ಒಂದೇ ಹೆಸರಿಗೆ ಮೂರು ಬೆಂಚಿನಿಂದ "ಪ್ರೆಸೆಂಟ್ ಮಿಸ್". ಯಾವ ಪಾಠ ನಡೆದಿದೆ ಎಂದು ಕೇಳಿದೆ. "ಪುಸ್ತಕ ಪೂರ್ತಿ ಆಗಿದೆ ಮಿಸ್" ಅಂದ ಒಬ್ಬ. ಶಾಲೆ ಶುರುವಾಗಿ ಇನ್ನೂ ನಾಲ್ಕು ತಿಂಗಳಾಗಿತ್ತು. ನಾನು ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದಂತೆ ಬೆನ್ನ ಹಿಂದೆ ಸದ್ದು ಏರುತ್ತಾ ಹೋಯಿತು. ತಿರುಗಿ ಒಬ್ಬನನ್ನು ಗದರಿದೆ. ಅವನು ನಿಜಕ್ಕೂ ಏನೂ ಮಾಡಿರಲಿಲ್ಲ, ಪಕ್ಕದವನು ಮಾಡಿದ್ದ. ಅದು ಇಡೀ ಕ್ಲಾಸಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ನನ್ನ ಮಾತಿಗೆ ಬೆಲೆ ಉಳಿಯಲಿಲ್ಲ. ಕೊನೆಗೆ ಪಕ್ಕದ ಕ್ಲಾಸಿನ ಮೇಡಂ ಬಂದು ಬಾಗಿಲಲ್ಲಿ ಸುಮ್ಮನೆ ನಿಂತರು. ಒಂದು ಮಾತಾಡಲಿಲ್ಲ. ಕ್ಲಾಸು ತಣ್ಣಗಾಯಿತು. ಅವರು ನನ್ನ ಕಡೆ ನೋಡದೆ ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದ ಮೇಲೆ ಬಿ.ಎಡ್. ನೋಟ್ಸಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒಂದು ಪುಟ ನೆನಪಾಯಿತು. ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾಸುರೂಮುಗಳ ವಿಡಿಯೋ ಹಿಡಿದು ಅಭ್ಯಾಸ ಮಾಡಿ 1970ರಲ್ಲಿ ತನ್ನ ತೀರ್ಮಾನಗಳನ್ನು ಪ್ರಕಟಿಸಿದ. ಗಲಾಟೆ ಆದ ಮೇಲೆ ಹೇಗೆ ಗದರುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಅವನಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಹುಟ್ಟುವ ಮುಂಚೆ: ಎಲ್ಲಿ ಏನು ನಡೆಯುತ್ತಿದೆ ಎಂಬುದು ಟೀಚರ್‌ಗೆ ಗೊತ್ತಿದೆ ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು. ಬೆನ್ನಿಗೂ ಕಣ್ಣಿದೆ ಅನ್ನುತ್ತೇವಲ್ಲ, ಅದು. ತಪ್ಪು ಮಾಡಿದವನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದರೆ ಆ ಕಣ್ಣು ಇಲ್ಲವೆಂದು ಜಗಜ್ಜಾಹೀರಾಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಮುಂದಿನ ಸಲದಿಂದ ಕ್ಲಾಸಿಗೆ ಪೂರ್ತಿ ಬೆನ್ನು ಮಾಡುವುದನ್ನು ಬಿಟ್ಟೆ, ಓರೆಯಾಗಿ ನಿಂತು ಬರೆಯುವುದನ್ನು ಮನೆಯ ಗೋಡೆಯ ಮೇಲೆ ಅಭ್ಯಾಸ ಮಾಡಿದೆ. ಹಾಜರಿಯನ್ನು ಕೂಗುವ ಬದಲು ಒಂದು ಹಾಳೆಯಲ್ಲಿ ಬೆಂಚುಗಳ ಚಿತ್ರ ಬರೆದು, ಅವರವರ ಜಾಗದಲ್ಲಿ ಅವರವರ ಹೆಸರು ಬರೆಯಲು ಕೊಟ್ಟೆ. ಹಾಳೆ ಸುತ್ತಿ ಬರುವಷ್ಟರಲ್ಲಿ ಇಡೀ ಕ್ಲಾಸು ನನ್ನ ಕೈಯಲ್ಲಿ. ಸುಳ್ಳು ಹೆಸರು ಬರೆದವರೂ ಇರುತ್ತಾರೆ. ಆದರೆ ಆ ಹೆಸರಿನಿಂದ ಮೂರು ಸಲ ಕರೆದು ಪ್ರಶ್ನೆ ಕೇಳಿದರೆ ಪಕ್ಕದವರಿಗೆ ನಗು ತಡೆಯಲು ಆಗುವುದಿಲ್ಲ, ತಾವಾಗಿ ಬಿಟ್ಟುಕೊಡುತ್ತಾರೆ.

ಮೊದಮೊದಲು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಡ್ರಿಲ್ ಪೀರಿಯಡ್, ಚಿತ್ರಕಲೆ, ಒಂದನೇ ಕ್ಲಾಸಿನ ಪುಟಾಣಿಗಳು, ಎಲ್ಲಕ್ಕೂ ಹೋದೆ. ಪುಟಾಣಿಗಳ ಕ್ಲಾಸಿನಲ್ಲಿ ಅರ್ಧ ದಿನ ಶೂ ಲೇಸು ಕಟ್ಟುವುದರಲ್ಲೇ ಹೋಯಿತು, ಬೇರೆ ಪಾಠ ನಡೆದ ನೆನಪಿಲ್ಲ. ಯಾವ ದಿನ ಫೋನು ಬರುತ್ತದೆಂಬ ಅಂದಾಜೂ ನಿಧಾನವಾಗಿ ಸಿಕ್ಕಿತು. ಶಾಲೆ ಶುರುವಾದ ಮೊದಲ ತಿಂಗಳು ಯಾರೂ ರಜೆ ಹಾಕುವುದಿಲ್ಲ. ಉದ್ದನೆಯ ರಜೆಯ ಹಿಂದಿನ ದಿನ, ಮುಗಿದ ಮರುದಿನ, ಜ್ವರ ಹರಡುವ ಕಾಲ, ಟೀಚರ್‌ಗಳನ್ನು ತರಬೇತಿಗೋ ಮೌಲ್ಯಮಾಪನಕ್ಕೋ ಕರೆಸಿಕೊಂಡ ವಾರ ಫೋನು ಗ್ಯಾರಂಟಿ. ಅಂಥ ದಿನಗಳ ಹಿಂದಿನ ಸಂಜೆ ನಾಲ್ಕೈದು ಕ್ಲರ್ಕ್‌ಗಳಿಗೆ ಒಂದು ಮೆಸೇಜು ಹಾಕುವುದನ್ನು ರೂಢಿ ಮಾಡಿಕೊಂಡೆ: "ನಾಳೆ ಬಿಡುವಿದ್ದೇನೆ ಸರ್." ಅಷ್ಟೇ, ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇಲ್ಲ. ಬೆಳಿಗ್ಗೆ ಕಣ್ಣುಜ್ಜುತ್ತಾ ಫೋನು ತೆರೆದವರಿಗೆ ಪಟ್ಟಿಗಿಂತ ಮೊದಲು ನನ್ನ ಹೆಸರು ಕಾಣುತ್ತಿತ್ತು.

ಚೀಲದಲ್ಲಿ ಯಾವಾಗಲೂ ಇರುತ್ತಿದ್ದದ್ದು ಚಾಕ್‌ಪೀಸ್, ಮಾರ್ಕರ್, ಬಿಳಿ ಹಾಳೆಯ ಕಟ್ಟು, ಹತ್ತು ಪೆನ್ಸಿಲ್. ಜೊತೆಗೆ 6174. ಪಾಠ ಟಿಪ್ಪಣಿ ಸಿಗದಿದ್ದರೆ, ಹದಿನೈದು ನಿಮಿಷ ಉಳಿದುಬಿಟ್ಟರೆ ಇದನ್ನು ಹೊರತೆಗೆಯುತ್ತಿದ್ದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಕಂಡುಕೊಂಡ ಸಂಖ್ಯೆ ಅದು. ನಾಲ್ಕಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದಲ್ಲಿ ಬರೆದದ್ದನ್ನು ಅದರಿಂದ ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲಕ್ಕೆ 6174 ಬಂದು ನಿಲ್ಲುತ್ತದೆ. 4817 ತೆಗೆದುಕೊಂಡರೆ 8741ರಲ್ಲಿ 1478 ಹೋದರೆ 7263, ಆಮೇಲೆ 5265, 3996, 6264, 4176, ಆರನೇ ಸಲಕ್ಕೆ 6174. ಕಳೆಯುವ ಲೆಕ್ಕ ಅಂದರೆ ಮುಖ ಸಿಂಡರಿಸುವ ಮಕ್ಕಳು ಆರಾರು ಸಲ ಕಳೆಯುತ್ತಾರೆ, ತಪ್ಪಾದರೆ ತಾವೇ ಹುಡುಕಿ ತಿದ್ದುತ್ತಾರೆ, ಯಾಕೆಂದರೆ ಪಕ್ಕದವರಿಗೆ ಆಗಲೇ ಬಂದಿರುತ್ತದೆ.

ಒಮ್ಮೆ ಆರನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ನಿಮ್ಮ ಮೇಷ್ಟ್ರು ಹೇಳಿದ್ದು ತಪ್ಪು. ನಂದು ಸೊನ್ನೆ ಬಂತು."

ಅವನು ತೆಗೆದುಕೊಂಡಿದ್ದು 1112. 2111ರಲ್ಲಿ 1112 ಕಳೆದರೆ 999. 999ನ್ನು ತಿರುಗಿಸಿದರೂ 999, ಕಳೆದರೆ ಸೊನ್ನೆ. ಲೆಕ್ಕದಲ್ಲಿ ತಪ್ಪೇ ಇಲ್ಲ. ಒಂದು ಗಳಿಗೆ ನಾನೂ ತಬ್ಬಿಬ್ಬಾದೆ. ಆಮೇಲೆ ಕಿಟಕಿ ಪಕ್ಕದ ಹುಡುಗಿ, "ಲೋ, ನಾಲ್ಕು ಅಂಕಿ ಇರ್ಬೇಕು ಕಣೋ, ಮುಂದೆ ಸೊನ್ನೆ ಹಾಕು" ಅಂದಳು. 0999. ಅದರ ಇಳಿಕೆ 9990. ಅಲ್ಲಿಂದ 8991, 8082, 8532, 6174. ಸಂಖ್ಯೆಯ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ವರ್ಷಗಟ್ಟಲೆ ಕಲಿತಿದ್ದ ಕ್ಲಾಸು ಆ ಸೊನ್ನೆಯ ಬಗ್ಗೆ ಹತ್ತು ನಿಮಿಷ ಜಗಳವಾಡಿತು. ಬೆಲ್ಲು ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಇಷ್ಟಾದರೂ ನಾನು ಪಟ್ಟಿಯಲ್ಲಿ ಮೇಲೇರಲಿಲ್ಲ. ಮಕ್ಕಳಿಗೆ ನಾನು ಇಷ್ಟವಾಗುತ್ತಿದ್ದೆ, ತಿಂಗಳಿಗೆ ಆರೇಳು ದಿನದ ಕೆಲಸ ಸಿಗುತ್ತಿತ್ತು, ಅಲ್ಲಿಗೇ ನಿಂತಿತ್ತು. ಒಂದು ಶಾಲೆಯಲ್ಲಿ ಮಾತ್ರ ಒಳ್ಳೆ ಹೆಸರು ಬಂದಿದೆ ಅಂದುಕೊಂಡಿದ್ದೆ. ಅಲ್ಲೇ ಎಡವಿದೆ.

ಏಳನೇ ಕ್ಲಾಸು, ಪೂರ್ಣಾಂಕಗಳು. ಗಣಿತದ ಮೇಡಂ ಎರಡು ದಿನ ರಜೆ. ಮಕ್ಕಳ ನೋಟ್‌ಬುಕ್ಕಿನ ತುಂಬ ಸಂಖ್ಯಾರೇಖೆಗಳು, ಎಡಕ್ಕೆ ಮೂರು ಹೆಜ್ಜೆ, ಬಲಕ್ಕೆ ಐದು ಹೆಜ್ಜೆ. ಎಷ್ಟು ನಿಧಾನ ಅನ್ನಿಸಿತು ನನಗೆ. ಅಭ್ಯಾಸದಲ್ಲಿ (−3) − (−5) ಇತ್ತು. "ಸುಲಭ ಇದೆ, ನೋಡಿ. ಎರಡು ಮೈನಸ್ ಸೇರಿದರೆ ಪ್ಲಸ್" ಅಂದೆ. ಮಕ್ಕಳ ಕಣ್ಣು ಅರಳಿತು. ನಲವತ್ತು ನಿಮಿಷದಲ್ಲಿ ಇಡೀ ಅಭ್ಯಾಸ ಮುಗಿಯಿತು. ಹೋಗುವಾಗ, "ನೀವೇ ದಿನಾ ಬನ್ನಿ ಮಿಸ್" ಅಂದರು. ಅವತ್ತು ನಾನು ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕಿರಬೇಕು.

ನಾಲ್ಕು ದಿನ ಬಿಟ್ಟು ಅದೇ ಶಾಲೆಗೆ ಬೇರೆ ಕ್ಲಾಸಿಗೆ ಹೋದಾಗ ಆ ಮೇಡಂ ಸ್ಟಾಫ್ ರೂಮಿನಲ್ಲಿ ನನ್ನನ್ನು ಕರೆದು ಒಂದು ನೋಟ್‌ಬುಕ್ ತೆರೆದು ತೋರಿಸಿದರು. −3 − 5 = 8. ಇನ್ನೊಂದು ನೋಟ್‌ಬುಕ್. ಅಲ್ಲೂ 8. ಅರ್ಧ ಕ್ಲಾಸು ಹಾಗೇ ಬರೆದಿತ್ತು. ಉತ್ತರ −8 ಆಗಬೇಕು. ಆದರೆ ಅಲ್ಲಿ ಎರಡು ಮೈನಸ್ ಕಾಣುತ್ತಿವೆ, ಎರಡು ಮೈನಸ್ ಸೇರಿದರೆ ಪ್ಲಸ್, ಮಿಸ್ ಹೇಳಿದ್ದಾರೆ.

"ಸಾಲದ ಮೇಲೆ ಸಾಲ ಮಾಡಿದ್ರೆ ದುಡ್ಡು ಬರುತ್ತಾ ಮೇಡಂ?" ಅಂದರು. ದನಿ ಎತ್ತರಿಸಲಿಲ್ಲ. "ಒಂದು ವಾರ ಕೂತು ಕಟ್ಟಿದ್ದನ್ನ ಒಂದು ಪೀರಿಯಡ್‌ನಲ್ಲಿ ಕೆಡವಿ ಹೋದ್ರಲ್ಲ. ಈಗ ನಾನು ಮತ್ತೆ ಮೊದಲಿಂದ ಮಾಡ್ಬೇಕು, ಅದೂ ನಿಮ್ಮ ಮಾತನ್ನ ಅವರ ತಲೆಯಿಂದ ತೆಗೆದು."

ಸಾರಿ ಅಂದೆ. ಇನ್ನೇನು ಹೇಳಲಿ? ಆ ಶಾಲೆಯಿಂದ ಎರಡು ತಿಂಗಳು ಫೋನಿಲ್ಲ. ಕ್ಲರ್ಕ್‌ಗೆ ಅವರೇ ಬೇಡ ಅಂದಿರಬೇಕು. ಮೊದಲ ವಾರ ನನಗೆ ಸಿಟ್ಟು ಬಂದಿತ್ತು, ಮಕ್ಕಳಿಗೆ ಇಷ್ಟವಾದದ್ದೇ ಇವರಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಆಮೇಲೆ ಸಿಟ್ಟು ಇಳಿದು ಆ 8 ಮಾತ್ರ ಉಳಿಯಿತು. ನಾನು ಕ್ಲಾಸಿನಲ್ಲಿ ಹೇಗಿದ್ದೆ ಎಂದು ನೋಡಿದ ದೊಡ್ಡವರು ಯಾರೂ ಇಲ್ಲ. ಮರುದಿನ ಬರುವ ಟೀಚರ್‌ಗೆ ಕಾಣುವುದು ನಾನು ಬಿಟ್ಟುಹೋದದ್ದು ಮಾತ್ರ. ಅದು ನೆಟ್ಟಗಿದ್ದರೆ ಅವರು ಆಫೀಸಿಗೆ ಹೋಗಿ ನನ್ನ ಹೆಸರು ಹೇಳುತ್ತಾರೆ, ಸೊಟ್ಟಗಿದ್ದರೆ ಆಗಲೂ ಹೇಳುತ್ತಾರೆ.

ಅಲ್ಲಿಂದ ಚೀಟಿ ಬರೆದಿಡಲು ಶುರು ಮಾಡಿದೆ. ಮೊದಲ ಚೀಟಿಗಳು ದೂರಿನ ಪಟ್ಟಿ: ಇಂಥವನು ಮಾತಾಡಿದ, ಇಂಥವಳು ಬರೆಯಲಿಲ್ಲ. ಒಬ್ಬ ವಿಜ್ಞಾನದ ಮೇಷ್ಟ್ರು ಓದಿ ನಕ್ಕುಬಿಟ್ಟರು. "ಈ ಹೆಸರೆಲ್ಲ ನಂಗೆ ಬಾಯಿಪಾಠ ಮೇಡಂ. ಎಲ್ಲಿ ನಿಲ್ಲಿಸಿದ್ರಿ, ಯಾರಿಗೆ ಅರ್ಥ ಆಗ್ಲಿಲ್ಲ, ಅದನ್ನ ಬರೀರಿ." ಆಮೇಲೆ ಚೀಟಿ ಹೀಗಾಯಿತು: "ಪುಟ 64, ಮೂರನೇ ಲೆಕ್ಕದವರೆಗೆ, ನಿಮ್ಮ ಕ್ರಮದಲ್ಲೇ. ನಾಲ್ಕನೆಯದನ್ನು ಮುಟ್ಟಿಲ್ಲ. ಛೇದ ಬೇರೆ ಇದ್ದಾಗ ಆರು ಮಂದಿಗೆ ತೊಡಕು, ಹೆಸರು ಹಿಂದೆ ಬರೆದಿದ್ದೇನೆ. ಇಬ್ಬರು ಬಂದಿರಲಿಲ್ಲ. ಎರಡನೇ ಬೆಂಚಿನಲ್ಲಿ ಜ್ಯಾಮಿಟ್ರಿ ಬಾಕ್ಸ್ ವಿಷಯಕ್ಕೆ ಕಿತ್ತಾಟ, ಅಲ್ಲೇ ಮುಗಿದಿದೆ, ನೀವು ಮತ್ತೆ ಕೇಳಬೇಕಿಲ್ಲ." ಅರ್ಧ ಪುಟ ಮೀರಬಾರದು. ಡೆಸ್ಕಿನ ಮೇಲೆ ಇಟ್ಟರೆ ಮಕ್ಕಳು ಓದಿ ಅದರಲ್ಲಿ ತಿದ್ದುಪಡಿ ಮಾಡುವುದೂ ಉಂಟು, ಹಾಗಾಗಿ ಪಾಠ ಟಿಪ್ಪಣಿ ಪುಸ್ತಕದೊಳಗೆ.

ಹೋದ ಕೂಡಲೇ ನೋಟ್‌ಬುಕ್ ನೋಡುವುದನ್ನೂ ಕಲಿತೆ. ಮಕ್ಕಳನ್ನು ಕೇಳಬಾರದು, ಅವರ ಪ್ರಕಾರ ಎಲ್ಲ ಪಾಠವೂ ಆಗಿರುತ್ತದೆ. ಮೊದಲ ಬೆಂಚಿನ ಇಬ್ಬರದು, ಕೊನೆಯ ಬೆಂಚಿನ ಇಬ್ಬರದು ತೆರೆದರೆ ಟೀಚರ್ ಯಾವ ದಾರಿಯಲ್ಲಿ ಬರುತ್ತಿದ್ದಾರೆ, ಎಷ್ಟು ಮಂದಿ ಜೊತೆಗೆ ಬರುತ್ತಿದ್ದಾರೆ, ಎರಡೂ ತಿಳಿಯುತ್ತದೆ. ನನಗೆ ಅದಕ್ಕಿಂತ ಚೆಂದದ ದಾರಿ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಇದು ಬಹಳ ಕಷ್ಟ, ಈಗಲೂ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ಶಾಲೆಯಲ್ಲಿ ಮೂರು ವಾರ ಸತತವಾಗಿ ಹೋದೆ. ತಿಂಗಳ ಕೊನೆಗೆ ಅವರು ದಿನದ ಲೆಕ್ಕ ಬಿಟ್ಟು ಪೀರಿಯಡ್ ಲೆಕ್ಕ ಹಾಕಿದರು. ದಿನಕ್ಕೆ ನಾಲ್ಕು ಪೀರಿಯಡ್ ಪಾಠ, ಉಳಿದ ಹೊತ್ತು ಸ್ಟಾಫ್ ರೂಮಿನಲ್ಲಿ ಅವರದ್ದೇ ಉತ್ತರ ಪತ್ರಿಕೆಗಳ ಅಂಕ ಕೂಡಿಸಿಕೊಟ್ಟಿದ್ದೆ. ಆ ಹೊತ್ತಿಗೆ ಕಾಸಿಲ್ಲ. ಮೊದಲೇ ಕೇಳಿರಲಿಲ್ಲ, ಬರೆದುಕೊಂಡಿರಲೂ ಇಲ್ಲ, ಹಾಗಾಗಿ ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ಒಂದು ಸಣ್ಣ ಡೈರಿ: ತಾರೀಕು, ಕ್ಲಾಸು, ಪೀರಿಯಡ್, ಯಾರ ಬದಲಿಗೆ, ಸಂಜೆ ಆಫೀಸಿನವರ ಸಹಿ. "ದಿನಕ್ಕೋ ಪೀರಿಯಡ್ಡಿಗೋ?" ಅನ್ನುವ ಪ್ರಶ್ನೆಯನ್ನು ಫೋನಿನಲ್ಲೇ ಕೇಳಲು ನಾಲಿಗೆ ಏಳಲು ಇನ್ನೂ ಆರು ತಿಂಗಳು ಬೇಕಾಯಿತು. ಕೇಳಿದೆನೆಂದು ಯಾರೂ ನನ್ನನ್ನು ಪಟ್ಟಿಯಿಂದ ತೆಗೆದುಹಾಕಲಿಲ್ಲ.

ಎರಡನೇ ವರ್ಷ ಪೂರ್ಣಾಂಕದ ಮೇಡಂ ಶಾಲೆಯಿಂದಲೇ ಫೋನು ಬಂತು. ಬೇರೆ ಯಾರೂ ಸಿಕ್ಕಿರಲಿಲ್ಲವಂತೆ. ಅವರದೇ ಕ್ಲಾಸು. ಅವರ ಕ್ರಮ ಬಿಟ್ಟು ಒಂದು ಗೆರೆ ಆಚೆ ಹೋಗಲಿಲ್ಲ, ಚೀಟಿ ಇಟ್ಟು ಬಂದೆ. ಮರುದಿನ ಸಂಜೆ ಅವರೇ ಫೋನು ಮಾಡಿ, ಚೀಟಿಯಲ್ಲಿ ಬರೆದಿದ್ದ ಒಬ್ಬ ಹುಡುಗನ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳಿದರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ಮುಂದಿನ ಸಲ ಅವರ ರಜೆ ಚೀಟಿಯ ಕೆಳಗೇ ನನ್ನ ಹೆಸರು, ನಂಬರು ಬರೆದಿತ್ತೆಂದು ಕ್ಲರ್ಕ್ ಹೇಳಿದರು. ಸ್ಟಾಫ್ ರೂಮಿನಲ್ಲಿ ಇಂಥ ಮಾತು ಬೇಗ ಹಬ್ಬುತ್ತದೆ. ನಾನು ಬಂದರೆ ಉಳಿದವರ ಫ್ರೀ ಪೀರಿಯಡ್ ಉಳಿಯುತ್ತದಲ್ಲ, ಅವರಿಗೂ ಆಸಕ್ತಿಯೇ. ಆ ವರ್ಷದ ಕೊನೆಗೆ ಮೂರು ಶಾಲೆಗಳಿಂದ ಸೇರಿ ವಾರಕ್ಕೆ ನಾಲ್ಕು ದಿನ ಗಟ್ಟಿಯಾಯಿತು. ಒಂದೇ ಬೆಳಿಗ್ಗೆ ಎರಡು ಫೋನು ಬಂದರೆ ಏನು ಮಾಡುವುದು ಎಂಬುದು ಹೊಸ ತಲೆನೋವು. ಮೊದಲು ಕರೆದವರಿಗೇ ಹೋಗುವುದು, ಎರಡನೆಯವರು ಹೆಚ್ಚು ಕೊಟ್ಟರೂ ಸರಿ, ಎಂದು ನಿಯಮ ಮಾಡಿಕೊಂಡೆ. ಎರಡು ಸಲ ಮುರಿಯಬೇಕೆನ್ನಿಸಿತು, ಕೆಂಪು ಗೆರೆ ನೆನಪಾಗಿ ಮುರಿಯಲಿಲ್ಲ.

ಉದ್ದನೆಯ ಕೆಲಸ ಬಂದದ್ದು ಮೂರನೇ ವರ್ಷ. ಗಣಿತದ ಇನ್ನೊಬ್ಬ ಮೇಡಂಗೆ ಹೆರಿಗೆ ರಜೆ, ಆರನೇ ಮತ್ತು ಏಳನೇ ಕ್ಲಾಸು, ಐದು ತಿಂಗಳು. ಜಾಹೀರಾತು ಇಲ್ಲ, ಸಂದರ್ಶನ ಇಲ್ಲ. "ನಿಮಗೆ ಬಿಡುವಿದ್ಯಾ ಅಂತ ಅವರೇ ಕೇಳಿ ಅಂದ್ರು" ಅಂದರು ಹೆಡ್ಮೇಡಂ. ರಜೆ ಶುರುವಾಗುವ ಮುಂಚೆ ಒಂದು ದಿನ ಅವರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿದೆ. ಸಂಬಳವಿಲ್ಲದ ದಿನ, ಆದರೆ ಆ ಐದು ತಿಂಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದ ದಿನ ಇನ್ನೊಂದಿಲ್ಲ.

ಅವರು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ಚಾಕ್‌ಪೀಸನ್ನು ಬೆರಳಲ್ಲಿ ಒಂದು ಸುತ್ತು, ಎರಡು ಸುತ್ತು ತಿರುಗಿಸುತ್ತಾ. ನನಗೇ ಕೂತಲ್ಲಿ ಚಡಪಡಿಕೆ. ಮೂರನೇ ಸುತ್ತಿಗೆ ಯಾವುದೋ ಮೂಲೆಯಿಂದ ಒಂದು ಕೈ ಮೇಲೇಳುತ್ತಿತ್ತು, ಆಮೇಲೆ ಇನ್ನೂ ನಾಲ್ಕು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದ ಆರಂಭದಲ್ಲಿ ಇದನ್ನೇ ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಮಾತಾಡುವ ಮಕ್ಕಳು ಹೆಚ್ಚುತ್ತಾರೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ. ಬದಲಿಗೆ ಹೋದವರಿಗೆ ಆ ಮೂರು ಸೆಕೆಂಡು ಇನ್ನೂ ಭಾರ. ಹೊಸಬರ ಮುಂದೆ ಮಕ್ಕಳು ಬಾಯಿ ಬಿಡುವುದಿಲ್ಲ, ಮೌನ ನಮ್ಮ ಸೋಲಿನಂತೆ ಕಾಣುತ್ತದೆ, ಗಾಬರಿಯಲ್ಲಿ ಉತ್ತರ ನಾವೇ ಹೇಳಿಬಿಡುತ್ತೇವೆ. ನಾನೂ ಚಾಕ್‌ಪೀಸ್ ತಿರುಗಿಸಲು ಕಲಿತೆ. ಮೊದಲ ವಾರ ಎಷ್ಟು ಸಲ ಕೈಜಾರಿ ಬಿತ್ತೋ.

ಮೂರು ತಿಂಗಳು ಚೆನ್ನಾಗಿ ಹೋಯಿತು. 6.40ಕ್ಕೆ ಫೋನು ಕಾಯುವ ಅಭ್ಯಾಸ ಹೋಗಲಿಲ್ಲ, ಎಚ್ಚರವಾಗುತ್ತಿತ್ತು, ಆಮೇಲೆ ನೆನಪಾಗುತ್ತಿತ್ತು. ಮಕ್ಕಳ ಹೆಸರು, ಅಕ್ಷರ, ಯಾರು ಯಾರ ಹೋಂವರ್ಕ್ ನಕಲು ಮಾಡುತ್ತಾರೆ, ಎಲ್ಲ ಗೊತ್ತಾಯಿತು. ಬೆನ್ನಿಗೂ ಕಣ್ಣು ಮೂಡಿದೆ ಎಂಬ ಜಂಬ ಸ್ವಲ್ಪ ಬಂದಿತ್ತು.

ನಾಲ್ಕನೇ ತಿಂಗಳು ನನಗೆ ಜ್ವರ. ಎರಡು ದಿನ ಏಳಲಾಗಲಿಲ್ಲ. ಬದಲಿ ಶಿಕ್ಷಕಿಗೆ ಬದಲಿ ಯಾರು ಎಂದು ಕ್ಲರ್ಕ್ ಫೋನಿನಲ್ಲಿ ತಮಾಷೆ ಮಾಡಿದರು. ಬೀರು ಬಾಗಿಲು ತೆರೆದು ಯಾರನ್ನೋ ಕರೆದರಂತೆ. ಮೂರನೇ ದಿನ ಹೋಗಿ ಪಾಠ ಟಿಪ್ಪಣಿ ಪುಸ್ತಕ ತೆರೆದೆ. ನಾಲ್ಕಾಗಿ ಮಡಚಿದ ಹಾಳೆ ಇತ್ತು. ಗುಂಡಗಿನ ಅಕ್ಷರ, ಒತ್ತಿ ಬರೆದದ್ದು, ಹೊಸಬಳೇ ಇರಬೇಕು. ಎಲ್ಲಿಯವರೆಗೆ ಆಯಿತು, ಯಾರು ಬಂದಿರಲಿಲ್ಲ, ಅಷ್ಟು ಬರೆದು ಕೆಳಗೆ ಒಂದು ಸಾಲು ಬಿಟ್ಟು ಹೀಗಿತ್ತು:

"ಐದನೇ ಬೆಂಚಿನ ಹುಡುಗಿ ಬೋರ್ಡು ನೋಡಿ ಬರೆಯುವುದಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ. ನಕಲಲ್ಲ ಅನ್ನಿಸುತ್ತದೆ. ಅವಳಿಗೆ ಬೋರ್ಡು ಕಾಣುತ್ತಿಲ್ಲವೇನೋ. ನೀವು ಒಮ್ಮೆ ನೋಡಿ ಮೇಡಂ."

ನಕಲು ಮಾಡುತ್ತಾಳೆಂದು ಅವಳಿಗೆ ಎರಡು ಸಲ ಬೈದಿದ್ದವಳು ನಾನು. ಅವತ್ತೇ ಬೋರ್ಡಿನಲ್ಲಿ ಒಂದು ಸಂಖ್ಯೆ ಬರೆದು ಅವಳನ್ನು ಓದಲು ಹೇಳಿದೆ. ಕಣ್ಣು ಕಿರಿದು ಮಾಡಿ, ಕುತ್ತಿಗೆ ಮುಂದೆ ಚಾಚಿ, 3 ಇದ್ದದ್ದನ್ನು 8 ಅಂದಳು. ಅವಳನ್ನು ಮೊದಲ ಬೆಂಚಿಗೆ ಕರೆದು, ಮನೆಯವರಿಗೆ ಕಣ್ಣು ತೋರಿಸುವಂತೆ ಚೀಟಿ ಬರೆದು ಕಳಿಸಿದೆ.

ಬಿಡುವಿನಲ್ಲಿ ಆಫೀಸಿಗೆ ಹೋದೆ.

"ಮೊನ್ನೆ ಬಂದಿದ್ರಲ್ಲ ಸರ್, ಆ ಟೀಚರ್ ಪಟ್ಟಿಯಲ್ಲಿ ಎಷ್ಟನೆಯವರು?"

ಕ್ಲರ್ಕ್ ಬೀರು ತೆರೆದರು. ಹಾಳೆ ಹೊಸದಾಗಿತ್ತು. "ಒಂಬತ್ತು. ಮೇಲಿನವರು ಯಾರೂ ಫೋನ್ ಎತ್ತಲಿಲ್ಲ, ಅದಕ್ಕೇ ಇವರಿಗೆ ಮಾಡಿದ್ದು. ಯಾಕೆ, ಏನಾದ್ರೂ ತೊಂದರೆ ಆಯ್ತಾ?"

"ಇಲ್ಲ ಸರ್. ಅವರನ್ನ ಮೇಲೆ ಬರೀರಿ."

ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದರು. "ಎಷ್ಟು ಮೇಲೆ ಮೇಡಂ? ನಿಮ್ಮ ಹೆಸರಿಗಿಂತಲೂ?"

"ನನಗೆ ಇನ್ನೂ ಒಂದೂವರೆ ತಿಂಗಳು ಕೆಲಸ ಇದೆಯಲ್ಲ ಸರ್" ಅಂದೆ. "ಬರೀರಿ."